ಮೊದಲು ಏನು ಮಾಡಿದಿರಿ

ಹದಿನೇಳನೆಯ ಪ್ರಶ್ನೆಯನ್ನು ಕೇಳದೆ ಬಿಟ್ಟುಬಿಟ್ಟರೆ ಯಾರಿಗಾದರೂ ಗೊತ್ತಾಗುತ್ತದೆಯೇ ಎಂದು ಕುಸುಮಾವತಿ ಬೆಳಗಿನಿಂದ ಯೋಚಿಸುತ್ತಿದ್ದಳು. ಅಂಗನವಾಡಿಯ ಮಕ್ಕಳಿಗೆ ಉಪ್ಪಿಟ್ಟು ಬಡಿಸುವಾಗಲೂ ಅದೇ, ಅವರನ್ನು ಚಾಪೆಯ ಮೇಲೆ ಮಲಗಿಸಿ ಕಿಟಕಿ ಮುಚ್ಚುವಾಗಲೂ ಅದೇ. ಯಾವುದೋ ಕಾಲೇಜಿನವರು ಪಂಚಾಯತಿಯ ಮೂಲಕ ಕಳಿಸಿದ ಫಾರಂಗಳು ಅವಳ ಚೀಲದಲ್ಲಿದ್ದವು. ಭೂಕಂಪದ ಬಗ್ಗೆ ಜನ ಏನು ತಿಳಿದಿದ್ದಾರೆ, ಮನೆಯಲ್ಲಿ ಏನು ತಯಾರಿ ಮಾಡಿಕೊಂಡಿದ್ದಾರೆ ಎಂದು ಮನೆಮನೆಗೆ ಹೋಗಿ ಬರೆದು ತರಬೇಕು. ಅವಳ ಪಾಲಿಗೆ ಬಂದದ್ದು ಇಪ್ಪತ್ತು ಮನೆ. ಹದಿನಾರು ಮುಗಿದಿದ್ದವು. ಉಳಿದ ನಾಲ್ಕರಲ್ಲಿ ಮೂರನೆಯದು, ಹೊಳೆದಂಡೆಯ ಮರಕ್ಕಡವು ಎಂಬಲ್ಲಿಗೆ ಇಳಿಯುವ ಹೊಳೆದಾರಿಯ ವಿಜಯನ್ ಮನೆ. ನಾಲ್ಕನೆಯದು ಅವಳದ್ದೇ.

ಹದಿನೇಳನೆಯ ಪ್ರಶ್ನೆ ಮಲಯಾಳದಲ್ಲಿ ಒಂದೇ ಸಾಲು. ಆ ದಿನ ನೀವು ಮೊದಲು ಏನು ಮಾಡಿದಿರಿ? ಆ ದಿನ ಎಂದರೆ ಯಾವ ದಿನ ಎಂದು ಇಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಕಳೆದ ಮಳೆಗಾಲದಲ್ಲಿ, ಜಿಲ್ಲೆಯ ಆ ತುದಿಯಲ್ಲಿ ಬೆಟ್ಟ ಜಾರಿ ಊರಿಗೆ ಊರೇ ಮಣ್ಣಾದ ಮೇಲೆ, ಎಲ್ಲರೂ ನೆಲಕ್ಕೆ ಕಿವಿ ಕೊಟ್ಟುಕೊಂಡೇ ಮಲಗುತ್ತಿದ್ದ ದಿನಗಳು ಅವು. ಒಂದು ಬೆಳಗ್ಗೆ ಹತ್ತೂವರೆಗೆ ನೆಲದ ಒಳಗಿಂದ ಗುಡುಗು ಬಂತು. ಭಾರ ಹೇರಿದ ಲಾರಿಯೊಂದು ಮನೆಯ ಅಡಿಗೇ ಹಾದುಹೋದ ಹಾಗೆ. ಅಡುಗೆಮನೆಯ ಗೋಡೆಹಲಗೆಯ ಮೇಲೆ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅಂದವು. ನಾಲ್ಕು ಉಸಿರಿನಷ್ಟು ಹೊತ್ತು, ಅಷ್ಟೇ. ಅದು ಭೂಕಂಪವೇ ಅಲ್ಲ ಎಂದು ಕೆಲವರು, ಹೌದು ಎಂದು ಕೆಲವರು. ಪುಲ್ಪಳ್ಳಿಯ ಚಹಾದಂಗಡಿಗಳಲ್ಲಿ ಅದು ಇನ್ನೂ ತೀರ್ಮಾನವಾಗಿಲ್ಲ. ಕುಸುಮಾವತಿಗೆ ಮಾತ್ರ ಅದು ಏನೆಂಬುದು ಮುಖ್ಯವಾಗಿರಲಿಲ್ಲ. ಮಳೆಗೆ ರಜೆ ಕೊಟ್ಟಿದ್ದರಿಂದ ಅವಳು ಅವತ್ತು ಮನೆಯಲ್ಲಿದ್ದಳು. ತೊಗರಿಬೇಳೆ ತೊಳೆಯುತ್ತಿದ್ದಳು. ಗುಡುಗಿದ್ದೇ ತಡ, ಪಾತ್ರೆ ಬಿಟ್ಟು ಓಡಿದಳು. ನಡುಮನೆಯಲ್ಲಿ ಕಬ್ಬಿಣದ ಮಂಚದ ಮೇಲೆ ಎರಡು ವರ್ಷದಿಂದ ಕಾಲಿಲ್ಲದವರ ಹಾಗೆ ಮಲಗಿರುವ ಅತ್ತೆ ಜಿನ್ನಮ್ಮನನ್ನು ದಾಟಿಕೊಂಡು ಓಡಿದಳು. ಅಂಗಳ, ಕಣ, ಬೇಲಿಯ ಗೇಟು, ಆಮೇಲೆ ರಸ್ತೆ. ರಸ್ತೆಯಲ್ಲಿ ಎಡಕ್ಕೆ ತಿರುಗಿದಳು. ಎಡಕ್ಕೆ ಹೋದರೆ ಪೇಟೆಯೂ ಇಲ್ಲ, ಬಸದಿಯೂ ಇಲ್ಲ, ನೆಂಟರ ಮನೆಯೂ ಇಲ್ಲ. ಹೊಳೆದಾರಿಯ ಕವಲು ಬರುವತನಕ ಅವಳು ಚಪ್ಪಲಿಯಿಲ್ಲದ ಕಾಲಿನಲ್ಲಿ ಓಡಿದ್ದಳು. ಅಲ್ಲಿ ನಿಂತಾಗ ಅಂಗೈಗೆ ಬೇಳೆ ಅಂಟಿಕೊಂಡಿರುವುದು ಕಂಡಿತು. ಇಪ್ಪತ್ತಾರು ವರ್ಷ ಒಂದು ಸಲವೂ ಹೋಗದ ದಾರಿ ಅದು. ಕಾಲಿಗೆ ಹೇಗೆ ಗೊತ್ತಿತ್ತು?

ಅವಳು ಮೊದಲು ಹೋದ ಬಾಲಕೃಷ್ಣನ್ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಅವನು ಸ್ಟೂಲು ಎಳೆದು ಕೊಟ್ಟು, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳಿದ. "ಎಲ್ಲ ಕ್ವಾರಿಯಿಂದ ಟೀಚರೇ. ಬಂಡೆ ಒಡೆದು ಒಡೆದು ಒಳಗೆ ಟೊಳ್ಳು ಮಾಡಿದ್ದಾರೆ. ಬರೀರಿ, ಕ್ವಾರಿ ಅಂತ ದೊಡ್ಡದಾಗಿ ಬರೀರಿ." ತಯಾರಿಯ ಪ್ರಶ್ನೆ ಬಂದಾಗ ಅವನು ಹೆಮ್ಮೆಯಿಂದ ಹಿಂದಿನ ಮನೆಯೊಳಗೆ ಕರೆದುಕೊಂಡು ಹೋಗಿ ತೋರಿಸಿದ. ಬಾಗಿಲ ಹಿಂದಿನ ಮೊಳೆಗೆ ಮಕ್ಕಳ ಹಳೆಯ ಶಾಲೆಚೀಲ. ಅದರಲ್ಲಿ ಆಧಾರ್, ಜಮೀನಿನ ಕಾಗದ, ಟಾರ್ಚು, ಎರಡು ಪೊಟ್ಟಣ ಬಿಸ್ಕತ್ತು, ಹೆಂಡತಿಯ ಸಕ್ಕರೆಕಾಯಿಲೆಯ ಮಾತ್ರೆ. ಬಿಸ್ಕತ್ತನ್ನು ಇಲಿ ತಿಂದಿದ್ದರಿಂದ ಎರಡು ಸಲ ಬದಲಾಯಿಸಿದ್ದನಂತೆ. ಮಂಚದ ಮೇಲಿದ್ದ ಅಟ್ಟದ ಸಾಮಾನನ್ನೂ ಇಳಿಸಿದ್ದ. ಮೊದಲು ಏನು ಮಾಡಿದಿರಿ ಎಂದಾಗ, "ಶಟರ್ ಎಳೆದೆ" ಎಂದ. ಆಮೇಲೆ ತನ್ನ ಮಾತು ತನಗೇ ಕೇಳಿಸಿದಂತೆ ನಕ್ಕ. "ಒಳಗೇ ಇದ್ದುಕೊಂಡು ಶಟರ್ ಎಳೆದೆ ನೋಡಿ. ಬುದ್ಧಿ ಎಲ್ಲಿ ಹೋಗಿತ್ತೋ." ಕುಸುಮಾವತಿ ಬರೆದುಕೊಂಡಳು. ಇಷ್ಟು ದಿನಗಳಲ್ಲಿ ಅವಳಿಗೆ ಇದೊಂದು ಚಟವಾಗಿಬಿಟ್ಟಿತ್ತು. ಯಾರಾದರೂ ತನ್ನ ಹಾಗೆ ಮಾಡಿದ್ದಾರೆಯೇ? ಹಾಸಿಗೆ ಹಿಡಿದವರನ್ನು ದಾಟಿ ಓಡಿದವರು, ಓಡಿ ಬೇರೊಂದು ದಿಕ್ಕಿಗೆ ತಿರುಗಿದವರು ಯಾರಾದರೂ ಇದ್ದಾರೆಯೇ? ಒಬ್ಬಳು ಒಲೆ ಆರಿಸಿದ್ದಳು. ಒಬ್ಬ ಮಗುವನ್ನು ಎತ್ತಿಕೊಳ್ಳಲು ಹೋಗಿ ದಿಂಬು ಎತ್ತಿಕೊಂಡಿದ್ದ. ದಿಂಬು ಎತ್ತಿಕೊಂಡವನದ್ದು ತಪ್ಪಲ್ಲ, ಅದು ಗಾಬರಿ. ತನ್ನದು ಗಾಬರಿಯಾಗಿರಲಿಲ್ಲ. ಆ ಓಟದಲ್ಲಿ ಅವಳ ಮನಸ್ಸು ಹಬ್ಬದ ಬೆಳಗಿನ ಹಾಗೆ ಹಗುರವಾಗಿತ್ತು. ಅದನ್ನು ಯಾವ ಚೌಕದಲ್ಲಿ ಗುರುತು ಹಾಕುವುದು?

ಮುದುಕಿ ಚೀರು ತನ್ನ ಹೊಸ ಮನೆಯ ಹೊರಗೆ ಮೊಣಕಾಲು ಮಡಚಿ ಕೂತಿದ್ದಳು. ಸರ್ಕಾರ ಕಟ್ಟಿಸಿಕೊಟ್ಟ ಎರಡು ಕೋಣೆಯ ಮನೆ, ಮೇಲೆ ಕಾಂಕ್ರೀಟಿನ ತಾರಸಿ. ಗುಡುಗಿದ ದಿನದಿಂದ ಅವಳು ರಾತ್ರಿ ಜಗಲಿಯಲ್ಲೇ ಮಲಗುತ್ತಾಳೆ ಎಂದು ಸೊಸೆ ದೂರು ಹೇಳಿದಳು. ಚೀರು ಮುದಿಗೈಯನ್ನು ತಾರಸಿಯ ಕಡೆ ಎತ್ತಿದಳು. "ಹಳೆ ಮನೆ ಬಿದಿರಿಂದು, ಹುಲ್ಲಿಂದು. ಬಿದ್ದರೆ ಕೊಡವಿಕೊಂಡು ಎದ್ದು ಬರಬಹುದಿತ್ತು. ಇದು ಬಿದ್ದರೆ? ಯಾರು ಎತ್ತುತ್ತಾರೆ, ನೀನು ಎತ್ತುತ್ತೀಯಾ?" ಮನೆ ಸುರಕ್ಷಿತ ಎಂದು ಭಾವಿಸುತ್ತೀರಾ ಎಂಬಲ್ಲಿ ಕುಸುಮಾವತಿ ಇಲ್ಲ ಎಂದು ಗುರುತು ಹಾಕಿದಳು. ಮೊದಲು ಏನು ಮಾಡಿದೆ ಎಂದಾಗ ಚೀರು ಅವಳನ್ನೇ ನೋಡುತ್ತ, "ಸುಮ್ಮನೆ ಕೂತೆ. ಓಡಿ ಹೋಗೋಕೆ ನನಗೆ ಬೇರೆ ಜಾಗ ಎಲ್ಲಿದೆ?" ಎಂದಳು.

ಹೊಳೆದಾರಿಯ ಕವಲಿನಲ್ಲಿ ಅವಳು ಛತ್ರಿಯನ್ನು ಬಿಚ್ಚಿದಳು. ಜನವರಿಯ ಬಿಸಿಲೇನೂ ಅಷ್ಟಿರಲಿಲ್ಲ. ಎರಡೂ ಕಡೆ ಕಾಫಿಗಿಡ, ಅದರ ಮೇಲೆ ಮೆಣಸಿನ ಬಳ್ಳಿ ಹಬ್ಬಿದ ಮರ. ಹತ್ತೊಂಬತ್ತರ ವಯಸ್ಸಿನಲ್ಲಿ ಅವಳು ಬತ್ತೇರಿಗೆ ಟೈಪಿಂಗ್ ಕಲಿಯಲು ಹೋಗುತ್ತಿದ್ದಾಗ, ಅವಳು ಹತ್ತುವ ಖಾಸಗಿ ಬಸ್ಸಿನ ಕಂಡಕ್ಟರ್ ವಿಜಯನ್ ಡ್ರೈವರನ ಹಿಂದಿನ ಸೀಟಿನ ಮೇಲೆ ತನ್ನ ಟವೆಲು ಹಾಕಿರುತ್ತಿದ್ದ. ಅವಳು ಹತ್ತಿದಾಗ ಏನೂ ಹೇಳದೆ ಟವೆಲು ತೆಗೆಯುತ್ತಿದ್ದ. ಒಂದು ದಿನ ಟಿಕೆಟ್ ಹರಿಯುತ್ತ, ನಿಮ್ಮ ಮನೆಯ ಮಾತಿನಲ್ಲಿ ಒಂದು ಎರಡು ಹೇಗೆ ಎಂದು ಕೇಳಿದ. ತಿಂಗಳೊಳಗೆ ನೂರರವರೆಗೂ ಕಲಿತ. ತುಂಬಿದ ಬಸ್ಸಿನಲ್ಲಿ ಜನರನ್ನು ಸರಿಸಿಕೊಂಡು ಬರುತ್ತ ಅವನು ತಲೆಗಳನ್ನು ಕನ್ನಡದಲ್ಲಿ ಎಣಿಸುತ್ತಿದ್ದ, ಮೂವತ್ತೊಂದು, ಮೂವತ್ತೆರಡು, ಅವಳ ಬಳಿ ಬಂದಾಗ ಯಾವತ್ತೂ ಒಂದು. ಬಸ್ಸಿನಲ್ಲಿ ಬೇರೆ ಯಾರಿಗೂ ತಿಳಿಯದ ತಮಾಷೆ. ಪೊನ್ಕುಳಿಯ ದೇವಸ್ಥಾನದ ಹತ್ತಿರ ಭಾನುವಾರ ಬಾ, ಮಾತಾಡಬೇಕು ಎಂದ. ಅವಳು ಹ್ಞೂ ಎಂದಳು. ಭಾನುವಾರ ಮುಖ ತೊಳೆದು, ಸೀರೆ ಉಟ್ಟು, ಜಗಲಿಯವರೆಗೆ ಬಂದಳು. ಅಪ್ಪ ಸಾಮಾಯಿಕದ ಧ್ಯಾನಕ್ಕೆ ಕೂತಿದ್ದವರು ಕಣ್ಣು ಮುಚ್ಚಿಕೊಂಡೇ ಎಲ್ಲಿಗೆ ಎಂದರು. ಎಲ್ಲಿಗೂ ಇಲ್ಲ ಎಂದು ಒಳಗೆ ಹೋದಳು. ಅಷ್ಟೇ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ, ಕೋಣೆಯಲ್ಲಿ ಕೂಡಿಹಾಕಲಿಲ್ಲ. ಹಾಗೆ ಮಾಡಿದ್ದರೆ ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು. ಅವನು ಸಂಜೆಯವರೆಗೆ ರಸ್ತೆಬದಿಯ ಕಲ್ಲಿನ ಮೇಲೆ ಕೂತಿದ್ದ ಎಂದು ಯಾರೋ ಹೇಳಿದರು. ಟೈಪಿಂಗ್ ಬಿಟ್ಟಳು. ಮೂರು ತಿಂಗಳಿಗೆ ಪದ್ಮಪ್ಪನೊಂದಿಗೆ ಮದುವೆಯಾಗಿ ಈ ಊರಿಗೆ ಬಂದಳು. ನಾಲ್ಕು ವರ್ಷದ ಮೇಲೆ ವಿಜಯನ್ ಹೊಳೆದಾರಿಯಲ್ಲಿ ಜಾಗ ಕೊಂಡು ಮನೆ ಕಟ್ಟಿಕೊಂಡ ಎಂದು ಪದ್ಮಪ್ಪನೇ ಊಟ ಮಾಡುತ್ತ ಹೇಳಿದ್ದ, ಯಾರೋ ಬಸ್ಸಿನವನಂತೆ ಎಂದು.

ವಿಜಯನ್ ಹೆಂಡತಿ ಸಜಿತ ಅಂಗಳದಲ್ಲಿ ಕಾಫಿ ಹರವುತ್ತಿದ್ದಳು. ದುಂಡುಮುಖದ, ನಗುವಿನ ಹೆಂಗಸು. "ಅಯ್ಯೋ ಟೀಚರ್, ಬನ್ನಿ ಬನ್ನಿ. ಎಲ್ಲ ಮನೆಗೂ ಹೋಗಿ ಆಯಿತಂತೆ, ನಮ್ಮನ್ನು ಬಿಟ್ಟೇಬಿಟ್ಟಿರಿ ಅಂದುಕೊಂಡೆ" ಎಂದು ಕುರ್ಚಿಯನ್ನು ಸೆರಗಿನಿಂದ ಒರೆಸಿ ಕೊಟ್ಟಳು. ಒಳಗಿಂದ ಬಂದವನು ಒಂದು ಕಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದ. ಕೂದಲು ಮುಂದೆ ಹೋಗಿತ್ತು. ಕಣ್ಣು ಅದೇ. "ನಮಸ್ಕಾರ ಟೀಚರ್" ಎಂದ. ಅಂಗನವಾಡಿಯಲ್ಲಿ ಕೆಲಸ ಮಾಡುವವಳನ್ನು ಊರೆಲ್ಲ ಟೀಚರ್ ಎಂದೇ ಕರೆಯುತ್ತದೆ. ಆ ಮಾತು ಇಷ್ಟು ತಣ್ಣಗಿರಬಹುದು ಎಂದು ಅವಳಿಗೆ ಗೊತ್ತಿರಲಿಲ್ಲ. ಅವಳು ಫಾರಂ ಮಡಿಲಿಗೆ ಹಾಕಿಕೊಂಡಳು. ಮನೆಯಲ್ಲಿ ಎಷ್ಟು ಜನ? ಇಬ್ಬರು, ಮಗ ಕೋಯಿಕ್ಕೋಡಿನಲ್ಲಿ ಓದುತ್ತಾನೆ. ಯಾವ ಕೋಣೆಯಲ್ಲಿ ಮಲಗುತ್ತೀರಿ? ಮಲಗುವ ಜಾಗದ ಮೇಲೆ ಭಾರದ ವಸ್ತು ಇದೆಯೇ? ರಾತ್ರಿ ನಡುಗಿದರೆ ಯಾರನ್ನು ಮೊದಲು ಎಬ್ಬಿಸುತ್ತೀರಿ? ಅವಳ ಬಾಯಿಂದ ಬರುವ ಒಂದೊಂದು ಪ್ರಶ್ನೆಯೂ ಅವಳಿಗೇ ನಾಚಿಕೆ ತರಿಸುತ್ತಿತ್ತು. ಒಬ್ಬ ಹೆಂಗಸು ಒಬ್ಬ ಗಂಡಸಿಗೆ ಕೇಳಬಾರದ ಎಲ್ಲವನ್ನೂ ಸರ್ಕಾರದ ಸೀಲು ಹಾಕಿ ಅವಳ ಕೈಗೆ ಕೊಟ್ಟಿದ್ದರು. ಸಜಿತ ಅವಳನ್ನು ಮಲಗುವ ಕೋಣೆಗೇ ಕರೆದುಕೊಂಡು ಹೋಗಿ, ತೊಲೆಯ ಕೆಳಗಿನ ಬಿರುಕು ತೋರಿಸಿದಳು. ಮಂಚ ಗೋಡೆಯಿಂದ ದೂರಕ್ಕೆ ಸರಿಸಿತ್ತು. ಎರಡು ದಿಂಬು. ಒಂದರ ಮೇಲೆ ಎಣ್ಣೆಯ ಕಲೆ. ಕುಸುಮಾವತಿ ಬಿರುಕನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು.

"ಹದಿನೇಳು" ಎಂದಳು ಹೊರಗೆ ಬಂದು. "ಮೊದಲು ಏನು ಮಾಡಿದಿರಿ?"

"ನಾನು ಏಣಿ ಮೇಲಿದ್ದೆ, ಬಳ್ಳಿ ಕಟ್ಟುತ್ತಿದ್ದೆ. ಮರವನ್ನು ತಬ್ಬಿಕೊಂಡೆ" ಎಂದ ವಿಜಯನ್.

"ತಬ್ಬಿಕೊಂಡವರು ಆಮೇಲೆ ಇಳಿಯಲೇ ಇಲ್ಲ" ಎಂದು ಸಜಿತ ನಕ್ಕಳು. "ನಾನು ನೈಟಿಯಲ್ಲಿದ್ದೆ ಟೀಚರ್. ಓಡೋದು ಬಿಟ್ಟು ಒಳಗೆ ಹೋಗಿ ಸೀರೆ ಹುಡುಕಿದೆ. ಸತ್ತರೂ ನೈಟಿಯಲ್ಲಿ ಸಾಯಬಾರದು ಅಂತ. ನಾಳೆ ಪೇಪರಿನಲ್ಲಿ ಫೋಟೋ ಬರುತ್ತಲ್ಲ!"

ಮೂವರೂ ನಕ್ಕರು. ನಗು ಮುಗಿಯುವುದರೊಳಗೆ ಕೇಳಿಬಿಡಬೇಕು ಎಂದು ಕುಸುಮಾವತಿ ಹದಿನೆಂಟನೆಯದನ್ನು ಓದಿದಳು. "ಆ ಕ್ಷಣ ಮೊದಲು ನೆನಪಾದದ್ದು ಯಾರು?"

ಅವನು ಯೋಚಿಸಿದ. ನಿಜವಾಗಿ ಯೋಚಿಸಿದ. ಹಣೆಯ ಮೇಲೆ ಆ ಹಳೆಯ ಎರಡು ಗೆರೆ ಮೂಡಿದವು, ಬಸ್ಸಿನಲ್ಲಿ ಚಿಲ್ಲರೆ ಲೆಕ್ಕ ಹಾಕುವಾಗ ಮೂಡುತ್ತಿದ್ದಂಥವು. ಅವಳ ಕೈಯಲ್ಲಿ ಪೆನ್ನು ನಿಂತಿತ್ತು. ಎಂಥ ಹುಚ್ಚು, ಎಂಥ ಹುಚ್ಚು ಎಂದುಕೊಳ್ಳುತ್ತಲೇ ಅವಳು ಕಾದಳು.

"ಹಸು" ಎಂದ ಅವನು. "ಕರು ಹಾಕುವ ದಿನ ಹತ್ತಿರ ಇತ್ತು."

"ನೋಡಿದಿರಾ?" ಎಂದಳು ಸಜಿತ. ನಗುತ್ತಲೇ ಅಂದಳು. ಆಮೇಲೆ ಚಹಾ ತರುತ್ತೇನೆ ಎಂದು ಎದ್ದು ಒಳಗೆ ಹೋದಳು. ಹೋಗುವಾಗ ಅವಳ ಹೆಗಲು ಸ್ವಲ್ಪ ಇಳಿದಂತೆ ಕಂಡಿತು. ಕುಸುಮಾವತಿ ಚೌಕದ ಪಕ್ಕ ಹಸು ಎಂದು ಬರೆದಳು. ಹೊಳೆಯ ಆಚೆ ಕರ್ನಾಟಕದ ಕಡೆಯಿಂದ ಯಾವುದೋ ಪಂಪು ಓಡುವ ಸದ್ದು. ಇಬ್ಬರೇ ಇದ್ದರು. ಅವನು ಅಡುಗೆಮನೆಯ ಕಡೆ ನೋಡಿ, ಬಗ್ಗಿ, ದನಿ ತಗ್ಗಿಸಿದ. ಅವಳ ಎದೆ ಹಲಗೆಯ ಮೇಲಿನ ಲೋಟದ ಹಾಗೆ ನಡುಗಿತು.

"ಟೀಚರ್, ಅಲ್ಲಿ ಹಸು ಅಂತ ಬರೀಬೇಡಿ. ಹೆಂಡತಿ ಅಂತ ಬರೀರಿ. ಅವಳು ಹೊರಗೆ ನಗುತ್ತಾಳೆ ಅಷ್ಟೇ. ಆಮೇಲೆ ಒಬ್ಬಳೇ ಕೂತು ಅಳುತ್ತಾಳೆ."

ಅವಳು ಹಸುವನ್ನು ಒಂದು ಗೆರೆಯಿಂದ ಹೊಡೆದು, ಪಕ್ಕದಲ್ಲಿ ಹೆಂಡತಿ ಎಂದು ಬರೆದು, ಅವನಿಗೆ ತೋರಿಸಿದಳು. ಅವನು ತಲೆಯಾಡಿಸಿದ. "ಉಪಕಾರ ಆಯ್ತು" ಎಂದ. ಅವನಿಗೆ ಏನೂ ನೆನಪಿಲ್ಲವೋ, ನೆನಪಿದ್ದೂ ಎತ್ತದಿರುವುದು ಅವನ ಮರ್ಯಾದೆಯೋ, ಅವಳಿಗೆ ತಿಳಿಯಲಿಲ್ಲ. ತಿಳಿಯುವುದೂ ಇಲ್ಲ. ಚಹಾ ತುಂಬ ಸಿಹಿಯಾಗಿತ್ತು. ಅವಳು ಪೂರ್ತಿ ಕುಡಿದಳು.

ಮನೆಗೆ ಬಂದಾಗ ಪದ್ಮಪ್ಪ ಕಣದಲ್ಲಿ ಕಾಫಿ ಗುಡ್ಡೆ ಮಾಡುತ್ತಿದ್ದ. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡಿದ್ದ. ಅವತ್ತು ತೋಟದಿಂದ ಓಡಿಬಂದು ತಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ಹೊರಗೆ ತಂದವನು ಅವನೇ. ಆಗ ಹಿಡಿದ ನೋವು ಬಿಟ್ಟಿಲ್ಲ. ದಿನಾ ಸಂಜೆ ಕುಸುಮಾವತಿ ಅವನ ಬೆನ್ನಿಗೆ ತೈಲ ತಿಕ್ಕುತ್ತಾಳೆ. ಬೆರಳು ಆ ಗಂಟಿನ ಮೇಲೆ ಬಂದಾಗ ಅವನು ಹಾ ಎನ್ನುತ್ತಾನೆ, ಅವಳು ಕಣ್ಣು ಮುಚ್ಚಿಕೊಳ್ಳುತ್ತಾಳೆ. ನೀನೆಲ್ಲಿದ್ದೆ ಎಂದು ಅವನು ಒಂದು ಸಲವೂ ಕೇಳಿಲ್ಲ. ಅಕ್ಕಪಕ್ಕದವರನ್ನು ಕರೆಯಲು ಹೋಗಿದ್ದೆ ಎಂಬ ಸುಳ್ಳನ್ನು ಅವಳು ತಯಾರು ಮಾಡಿ ಇಟ್ಟುಕೊಂಡಿದ್ದಳು. ಅದು ಬಾಲಕೃಷ್ಣನ ಬಿಸ್ಕತ್ತಿನ ಹಾಗೆ ಇದ್ದಲ್ಲೇ ಹಾಳಾಗುತ್ತಿತ್ತು.

"ಇನ್ನೊಂದು ಉಳಿದಿದೆ. ನಮ್ಮದು" ಎಂದಳು. "ನಾನೇ ಕೇಳಿ ನಾನೇ ಬರಕೊಳ್ಳೋ ಹಾಗಿಲ್ಲವಂತೆ. ನೀವು ಕೇಳಿ ಬರೀಬೇಕು."

"ನಾನಾ? ನನ್ನ ಅಕ್ಷರ ನೋಡಿ ಅವರು ಹೆದರಿಯಾರು" ಎಂದು ಪದ್ಮಪ್ಪ ಕೈ ಒರೆಸಿಕೊಂಡು ಜಗಲಿಯಲ್ಲಿ ಕೂತ. ಕನ್ನಡಕ ಹಾಕಿಕೊಂಡು ಒಂದೊಂದೇ ಪ್ರಶ್ನೆಯನ್ನು ಮಲಯಾಳದಲ್ಲಿ ಓದಿ, ಆಮೇಲೆ ಕನ್ನಡದಲ್ಲಿ ಕೇಳಿದ. ಫಾರಂನಲ್ಲಿ ಇದ್ದ ಮರ್ಯಾದೆಯನ್ನು ಬಿಡಲು ತಿಳಿಯದೆ ಅವನು ಅವಳನ್ನು ಮದುವೆಯಾದ ಮೇಲೆ ಮೊದಲ ಸಲ ಬಹುವಚನದಲ್ಲಿ ಮಾತಾಡಿಸಿದ. "ನಿಮ್ಮ ಮನೆಯಲ್ಲಿ ತುರ್ತಿನ ಚೀಲ ಇದೆಯಾ? ಇಲ್ಲ. ಮನೆ ಎಷ್ಟು ಹಳೇದು? ಅಪ್ಪ ಕಟ್ಟಿಸಿದ್ದು, ಐವತ್ತು ಬರೀತೇನೆ." ಹೀಗೆ ಹಲವಕ್ಕೆ ತಾನೇ ಉತ್ತರಿಸಿಕೊಂಡು ಬಂದ. ಹದಿನೇಳಕ್ಕೆ ಬಂದಾಗ ನಿಂತ. "ಆ ದಿನ ನೀವು ಮೊದಲು ಏನು ಮಾಡಿದಿರಿ?"

"ಅತ್ತೆಯನ್ನು ಒಳಗೆ ಬಿಟ್ಟು ಓಡಿದೆ" ಎಂದಳು ಕುಸುಮಾವತಿ.

ಅವನು ತಲೆ ಎತ್ತಲಿಲ್ಲ. ಪೆನ್ನು ನಿಧಾನಕ್ಕೆ ಓಡಿತು. "ಹೊರಗೆ ಓಡಿದೆ ಅಂತ ಚೌಕ ಇದೆ. ಅದಕ್ಕೇ ಹಾಕಿದೆ" ಎಂದ. ಮುಂದಿನದನ್ನು ಓದಿದ. "ಮೊದಲು ನೆನಪಾದದ್ದು ಯಾರು? ಮಕ್ಕಳು, ವಯಸ್ಸಾದವರು, ಗಂಡ ಅಥವಾ ಹೆಂಡತಿ, ದನಕರು, ತಾನು." ಕಣದಿಂದ ಒಣಗುವ ಕಾಫಿಯ ಹುಳಿಸಿಹಿ ವಾಸನೆ ಬರುತ್ತಿತ್ತು. "ಕೆಳಗೆ ಇನ್ನೊಂದಿದೆ" ಎಂದ ಅವನು ಸ್ವಲ್ಪ ಹೊತ್ತಿನ ಮೇಲೆ. "ಇತರೆ."

"ಅದಕ್ಕೆ ಹಾಕಿ."

ಹಾಕಿದ. "ವಿವರಿಸಿ ಅಂತ ಗೆರೆ ಬಿಟ್ಟಿದ್ದಾರೆ."

ಅವಳು ಅವನ ಕೈಯನ್ನೇ ನೋಡುತ್ತಿದ್ದಳು. ಕಾಫಿಯ ಕರೆ ಹಿಡಿದ ಉಗುರು, ಬೆರಳ ಸಂದಿನಲ್ಲಿ ಪೆನ್ನು ಗುದ್ದಲಿಯ ಹಿಡಿಯ ಹಾಗೆ. ಅವನು ಕೇಳಿದರೆ ಹೇಳಿಬಿಡುತ್ತಿದ್ದಳು. ಕೇಳಲಿ ಎಂದು ಒಂದು ಗಳಿಗೆ ಬಯಸಿದಳು ಕೂಡ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವನಿಂದ ಅವಳು ಇಷ್ಟು ತೀವ್ರವಾಗಿ ಬೇರೇನನ್ನೂ ಬಯಸಿರಲಿಲ್ಲ. ಪದ್ಮಪ್ಪ ಆ ಖಾಲಿ ಗೆರೆಯ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ಅಡ್ಡಗೆರೆ ಎಳೆದ. "ಸಾರ ಇಲ್ಲ" ಎಂದ, ಮಲಯಾಳದವರು ಹೋಗಲಿ ಬಿಡು ಎನ್ನುವ ಹಾಗೆ. "ಅವತ್ತು ಮರದ ಸಂದಿನಿಂದ ನೀನು ರಸ್ತೆಯಲ್ಲಿ ಓಡೋದು ಕಂಡಿತು. ಇವಳು ಬದುಕಿಕೊಂಡಳು, ಇನ್ನು ಅಮ್ಮ ಅಂತ ನಾನು ಒಳಗೆ ಹೋದೆ." ಅವನ ದನಿಯಲ್ಲಿ ಕೊಂಕು ಇರಲಿಲ್ಲ. ಅದು ಇಲ್ಲದಿರುವುದನ್ನೇ ಅವಳಿಗೆ ತಾಳಿಕೊಳ್ಳಲಾಗಲಿಲ್ಲ. ಅವನು ಹಾಳೆ ತಿರುವಿದ. "ಮತ್ತೆ ನಡುಗಿದರೆ ಏನು ಮಾಡುತ್ತೀರಿ?"

"ಗೊತ್ತಿಲ್ಲ."

"ಗೊತ್ತಿಲ್ಲ. ಅದಕ್ಕೂ ಚೌಕ ಇದೆ." ಗುರುತು ಹಾಕಿದ. ಕೊನೆಯದು, ಹೊರಗೆ ಬರಲು ಸಹಾಯ ಬೇಕಾದವರು ಮನೆಯಲ್ಲಿ ಇದ್ದಾರೆಯೇ, ಅವರನ್ನು ಹೊರತರುವುದನ್ನು ಯಾವತ್ತಾದರೂ ಅಭ್ಯಾಸ ಮಾಡಿದ್ದೀರಾ ಎಂಬುದು. ಪದ್ಮಪ್ಪ ಕನ್ನಡಕ ತೆಗೆದ. "ಸುಳ್ಳು ಯಾಕೆ ಬರೆಯೋದು? ಒಂದು ಸಲ ಮಾಡಿಬಿಟ್ಟು ಹೌದು ಅಂತ ಬರೆಯೋಣ. ಏಳು."

"ನಿಮ್ಮ ಬೆನ್ನು?"

"ಮಂಚದ ಸಮೇತ ಎತ್ತೋಣ. ಇಬ್ಬರಿದ್ದರೆ ಆಗುತ್ತೆ."

ತಲೆಯ ಕಡೆ ಭಾರ ಹೆಚ್ಚು. ಅದನ್ನು ಕುಸುಮಾವತಿ ಹಿಡಿದಳು. ಮಂಚ ಎದ್ದದ್ದೇ ಜಿನ್ನಮ್ಮ ನಿದ್ದೆಯಿಂದ ಎಚ್ಚೆತ್ತು ಮಂಚದ ಎರಡೂ ಅಂಚು ಹಿಡಿದುಕೊಂಡು, "ಬಂತಾ? ಮತ್ತೆ ಬಂತಾ?" ಎಂದಳು. "ಬಂದಿಲ್ಲಮ್ಮ, ಸುಮ್ಮನೆ ಕಲಿತಾ ಇದ್ದೀವಿ" ಎಂದ ಮಗ. ಬಾಗಿಲಲ್ಲಿ ಮಂಚ ಸಿಕ್ಕಿಕೊಂಡಿತು. ಓರೆ ಮಾಡಬೇಕಾಯಿತು, ಮುದುಕಿ ಜಾರದ ಹಾಗೆ ಕುಸುಮಾವತಿ ಮೊಣಕೈಯನ್ನು ಅವಳ ಹೆಗಲಿಗೆ ಒತ್ತಿಕೊಂಡಳು, ಗೆಣ್ಣು ಚೌಕಟ್ಟಿಗೆ ಉಜ್ಜಿ ಚರ್ಮ ಕಿತ್ತುಬಂತು. ಹಿಂದಕ್ಕೆ ಹೆಜ್ಜೆ ಇಡುತ್ತ ಅವಳು ಜಗಲಿ ಇಳಿದಳು. ಎದುರಿಗೆ ಉಸಿರು ಕಟ್ಟಿ ಕೆಂಪಾದ ಗಂಡನ ಮುಖ, ಅವನ ಕಣ್ಣು ಅವಳ ಕಾಲಿನ ಮೇಲೆ. "ಮೆಲ್ಲಗೆ. ಹಿಂದೆ ಕಲ್ಲಿದೆ. ಎಡಕ್ಕೆ. ಹಾಂ, ಇನ್ನು ಬಾ."

ಕಣದ ನಡುವೆ ಮಂಚ ಇಳಿಸಿದರು. ಆಸ್ಪತ್ರೆಗೆ ಹೋದಾಗ ಬಿಟ್ಟರೆ, ಮತ್ತೆ ಆ ಗುಡುಗಿದ ದಿನ ಬಿಟ್ಟರೆ, ಜಿನ್ನಮ್ಮ ಹೊರಗೆ ಬಂದದ್ದೇ ಇಲ್ಲ. ಅವಳು ಕಣ್ಣು ಕಿರಿದುಮಾಡಿಕೊಂಡು ಆಕಾಶ ನೋಡಿದಳು, ಬೇಲಿ ನೋಡಿದಳು, ಕೈ ಕೆಳಗಿಳಿಸಿ ಒಣಗಿದ ಕಾಫಿಯೊಳಗೆ ಬೆರಳು ಹೂತಳು. ಪದ್ಮಪ್ಪ ಸೊಂಟ ಹಿಡಿದುಕೊಂಡು ಕೂತ. ಹೊತ್ತು ಮುಳುಗುವುದರೊಳಗೆ ಊಟ ಆಗಬೇಕು, ಒಳಗೆ ಹೋಗೋಣ ಎಂದ. "ಇಲ್ಲೇ ತಗೊಂಡು ಬಾ" ಎಂದಳು ಮುದುಕಿ. ಕುಸುಮಾವತಿ ಒಳಗೆ ಹೋಗಿ ಮೂರು ತಟ್ಟೆ ತಂದಳು. ಅತ್ತೆಯ ತಲೆಯ ಹತ್ತಿರ ಮಂಚದ ಅಂಚಿನಲ್ಲಿ ಕೂತು ಅನ್ನ ಕಲಸಿ ತುತ್ತು ಇಟ್ಟಳು. ಎರಡು ತುತ್ತು ಆದ ಮೇಲೆ ಜಿನ್ನಮ್ಮ ಅವಳ ಮಣಿಕಟ್ಟು ಹಿಡಿದಳು.

"ಕುಸುಮ, ಅವತ್ತು ನಿನ್ನನ್ನೇ ಕರೆದೆ. ಮಗನನ್ನಲ್ಲ, ನಿನ್ನನ್ನ. ಎರಡು ಸಲ ಕರೆದೆ. ಕೇಳಿಸಲಿಲ್ವಾ?"

ಪದ್ಮಪ್ಪ ತನ್ನ ತಟ್ಟೆಯಿಂದ ತಲೆ ಎತ್ತಿದ. ಬೇಲಿಯ ಆಚೆ ಯಾರದೋ ಜೀಪು ಹೊಳೆಯ ಕಡೆ ಇಳಿದುಹೋಯಿತು.

"ಕೇಳಿಸಿತ್ತು ಅತ್ತೆ" ಎಂದಳು ಕುಸುಮಾವತಿ.

ಮುದುಕಿ ಅವಳನ್ನು ಬಹಳ ಹೊತ್ತು ನೋಡಿದಳು. ಮಣಿಕಟ್ಟು ಬಿಡಲಿಲ್ಲ. ಆಮೇಲೆ, ಅನ್ನ ತಣ್ಣಗಾಗುತ್ತಿದೆ ಎಂಬಂತೆ, ಮುಂದಿನ ತುತ್ತಿಗೆ ಬಾಯಿ ತೆರೆದಳು.